ಕೈ ಹೋದರೂ ಕಣ ಬಿಡದವರು

ಲಕ್ಷ್ಮಣರಾವ್ ಕಿರ್ಲೋಸ್ಕರರ ಹೆಸರು ಬಂದರೆ ಕಬ್ಬಿಣದ ನೇಗಿಲಿನ ಕತೆಯೂ ಜೊತೆಗೇ ಬರುತ್ತದೆ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಅವರು ನೇಗಿಲು ಹೊತ್ತು ಮಾರಲು ಹೊರಟಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಮುಖ ತಿರುಗಿಸಿದರಂತೆ. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ನೇಗಿಲಿಗೂ ಮೊದಲು ಅವರು ಕೈಹಾಕಿದ್ದು ಮೇವು ಕತ್ತರಿಸುವ ಯಂತ್ರಕ್ಕೆ ಎಂಬುದನ್ನು ಹೇಳುವವರು ಕಡಿಮೆ. ದೊಡ್ಡ ಚಕ್ರ, ಚಕ್ರದ ಕೈಗಳಿಗೆ ಬಿಗಿದ ಬಾಗಿದ ಅಲಗು, ಜೋಳದ ದಂಟನ್ನು ಒಳಗೆಳೆಯುವ ಹಲ್ಲಿನ ಉರುಳೆ ಎರಡು. ದಂಟು ತುರುಕುವ ಕೈ ಒಂದು ಗೇಣು ಮುಂದೆ ಹೋದರೆ ಉರುಳೆಗೆ ದಂಟು ಯಾವುದು, ಬೆರಳು ಯಾವುದು ಎಂಬ ಭೇದವಿಲ್ಲ.

ಅದೇ ಮನೆತನ 1941ರಲ್ಲಿ ಹರಿಹರಕ್ಕೆ ಬಂತು. ಮೈಸೂರು ಸಂಸ್ಥಾನದ ಬೆಂಬಲದಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ತುಂಗಭದ್ರೆಯ ದಡದ ಊರಿನಲ್ಲಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು, ಪಕ್ಕದಲ್ಲಿ ಯಂತ್ರಪುರವೆಂಬ ಬಡಾವಣೆಯೇ ಎದ್ದಿತು. ಅಲ್ಲಿಗೆ ಹತ್ತು ಹದಿನೈದು ಕಿಲೋಮೀಟರ್ ದೂರದ ದಾವಣಗೆರೆಯಲ್ಲಿ 1930ರ ದಶಕದಿಂದಲೇ ಹತ್ತಿ ಗಿರಣಿಗಳ ಸಿಳ್ಳೆ ಕೇಳುತ್ತಿತ್ತು. ಎರಡು ಊರುಗಳ ನಡುವೆ, ಸುತ್ತ, ಹೊಲ. ಯಂತ್ರ ಕಟ್ಟುವ ಊರು, ಯಂತ್ರ ಓಡಿಸುವ ಊರು, ಯಂತ್ರ ಕೊಳ್ಳುವ ಹಳ್ಳಿಗಳು ಇಷ್ಟು ಹತ್ತಿರ ಇದ್ದ ಜಾಗ ಹಳೆಯ ಮೈಸೂರು ಸೀಮೆಯಲ್ಲಿ ಹೆಚ್ಚಿಲ್ಲ. ಹಾಗಾಗಿ ದುಡಿಯುತ್ತಾ ಕೈ ಕಾಲು ಕಳೆದುಕೊಂಡ ರೈತ, ಅಥವಾ ಹುಟ್ಟಿನಿಂದಲೇ ಕಣ್ಣು, ಕಿವಿ, ಕಾಲಿನ ಊನವಿದ್ದ ರೈತ ಹೊಲದಲ್ಲಿ ಉಳಿದದ್ದು ಹೇಗೆ ಎಂದು ಕೇಳಲು ಈ ಸೀಮೆ ಒಳ್ಳೆಯ ಜಾಗ.

ಸಹಾಯದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಸರ್ಕಾರಿ ಆದೇಶಗಳಿಂದ ಶುರುಮಾಡುತ್ತಾರೆ. ಈ ಸೀಮೆಯಲ್ಲಿ ಶುರುಮಾಡಬೇಕಾದದ್ದು ಮುಯ್ಯಾಳಿನಿಂದ. ಇವತ್ತು ನಿಮ್ಮ ಹೊಲದ ಕಳೆಗೆ ನಮ್ಮ ಮನೆಯ ಇಬ್ಬರು, ನಾಡಿದ್ದು ನಮ್ಮ ಹೊಲಕ್ಕೆ ನಿಮ್ಮ ಮನೆಯ ಇಬ್ಬರು. ಕೂಲಿಯ ಮಾತಿಲ್ಲ, ಊಟ ಹೊಲದವರದು. ಲೆಕ್ಕ ಬರೆದಿಡುವವರಿಲ್ಲ, ಮರೆಯುವವರೂ ಇಲ್ಲ. ಮನೆಯ ಯಜಮಾನ ಗಾಡಿಯಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದರೆ ಆ ವರ್ಷದ ಬಿತ್ತನೆ ನಿಲ್ಲುತ್ತಿರಲಿಲ್ಲ. ಅವನ ಎತ್ತಿನ ಜೋಡಿ ಇನ್ನೊಬ್ಬರ ಹೊಲಕ್ಕೆ ಹೋಗಿ ಮುಯ್ಯಿ ತೀರಿಸುತ್ತಿತ್ತು. ಹೆಂಡತಿಯ ಕಳೆ ಕೀಳುವ ದಿನಗಳು ಲೆಕ್ಕಕ್ಕೆ ಸೇರುತ್ತಿದ್ದವು. ಇದನ್ನು ದಯೆ ಎಂದು ಕರೆದರೆ ತಪ್ಪಾಗುತ್ತದೆ. ಮಳೆ ಬಿದ್ದ ಮೂರು ನಾಲ್ಕು ದಿನದೊಳಗೆ ಕೂರಿಗೆ ಹೂಡಲೇಬೇಕಾದ ಖುಷ್ಕಿ ನೆಲದಲ್ಲಿ ಪ್ರತಿ ಮನೆಗೂ ಇನ್ನೊಂದು ಮನೆ ಬೇಕಿತ್ತು, ಅಷ್ಟೆ.

ಮುಯ್ಯಾಳಿಗೆ ಒಂದು ಮಿತಿಯಿತ್ತು, ಅದನ್ನು ಮುಚ್ಚಿಡಬಾರದು. ತಿರುಗಿ ಕೊಡಲು ಎತ್ತೋ ಹೊಲವೋ ಇದ್ದವರಿಗೆ ಮಾತ್ರ ಅದು ಸಲ್ಲುತ್ತಿತ್ತು. ಊರ ಹೊರಗಿನ ಕೇರಿಯ ಜೀತದಾಳು ಕಾಲು ಮುರಿದುಕೊಂಡರೆ ಯಾರ ಮುಯ್ಯಿಯೂ ಅವನ ಮನೆಗೆ ಬರುತ್ತಿರಲಿಲ್ಲ. ಸಾಲ ಮಾತ್ರ ಮಗನ ಹೆಗಲಿಗೆ ಬರುತ್ತಿತ್ತು.

ಮನೆಯೊಳಗಿನ ಕೆಲಸದ ಹಂಚಿಕೆ ಇನ್ನೊಂದು ಆಸರೆ. ಎತ್ತಿನ ಬೇಸಾಯದಲ್ಲಿ ಕೂತು ಮಾಡುವ, ನಿಧಾನವಾಗಿ ಮಾಡುವ, ಕೈ ಸೋಕಿಯೇ ಮಾಡುವ ಕೆಲಸಗಳು ಬಹಳ ಇದ್ದವು. ಹಗ್ಗ ಹೊಸೆಯುವುದು, ಬೀಜ ಆರಿಸುವುದು, ತೆನೆಯಿಂದ ಕಾಳು ಬಿಡಿಸುವುದು, ಹಸು ಕರೆಯುವುದು, ಕಣ ಕಾಯುವುದು, ಹಕ್ಕಿ ಅಟ್ಟುವುದು. ಕಣ್ಣು ಕಾಣದವರ ಬೆರಳಿಗೆ ಹಗ್ಗದ ಹುರಿ ತಿಳಿಯುತ್ತಿತ್ತು. ಕಿವಿ ಕೇಳದವರು ರಂಟೆ ಹೊಡೆಯಲು ಯಾವ ಅಡ್ಡಿಯೂ ಇರಲಿಲ್ಲ, ಏಕೆಂದರೆ ಎತ್ತು ಮಾತಾಡುವುದಿಲ್ಲ. ಕಣದಲ್ಲಿ ರೋಣಗಲ್ಲು ಉರುಳಿಸುವಾಗ, ಹಂತಿ ಹೊಡೆಯುವಾಗ ಎತ್ತಿನ ಹಿಂದೆ ಸುತ್ತುವವರು ಇಬ್ಬರಾದರೆ ಸುತ್ತ ಕೂತು ಕೆಲಸ ಮಾಡುವವರು ಆರು ಮಂದಿ. ಪೋಲಿಯೊದಿಂದ ಕಾಲು ಸೊರಗಿದ ಹುಡುಗನೂ ಆ ಆರರಲ್ಲಿ ಒಬ್ಬನಾಗುತ್ತಿದ್ದ. ಅವನಿಗೆ ಮದುವೆಯ ಮಾತು ಬರುತ್ತಿತ್ತೇ, ಆಸ್ತಿಯಲ್ಲಿ ಪಾಲು ಕೊಡುತ್ತಿದ್ದರೇ ಎಂಬುದು ಬೇರೆ ಪ್ರಶ್ನೆ. ಬಹಳ ಮನೆಗಳಲ್ಲಿ ಉತ್ತರ ಅಷ್ಟು ಹಿತವಾಗಿರಲಿಲ್ಲ.

ಭದ್ರೆಯ ನೀರು ಬಂದ ಮೇಲೆ ಲೆಕ್ಕವೆಲ್ಲ ಬದಲಾಯಿತು. 1947ರಲ್ಲಿ ಆರಂಭವಾದ ಭದ್ರಾ ಜಲಾಶಯ 1965ರ ಹೊತ್ತಿಗೆ ಮುಗಿದು, ಬಲದಂಡೆ ನಾಲೆ ದಾವಣಗೆರೆ, ಹರಿಹರ, ಮಲೇಬೆನ್ನೂರಿನ ಕಡೆ ಹರಿದಾಗ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದ ರೈತರು ನಾಲೆಯ ಪಕ್ಕ ಕ್ಯಾಂಪುಗಳನ್ನು ಕಟ್ಟಿಕೊಂಡರು. ಕಬ್ಬು ಬಂತು, ಆಲೆಮನೆಗಳು ಬಂದವು, ಎತ್ತು ತಿರುಗಿಸುತ್ತಿದ್ದ ಗಾಣಕ್ಕೆ ಡೀಸೆಲ್ ಎಂಜಿನ್ ಸಿಕ್ಕಿಸಿದರು. ಎತ್ತಿನ ಗಾಣದಲ್ಲಿ ಕೈ ಸಿಕ್ಕಿದರೆ ಕೂಗಿದ ಕೂಡಲೇ ಎತ್ತು ನಿಲ್ಲುತ್ತಿತ್ತು. ಎಂಜಿನ್ ನಿಲ್ಲುವುದಿಲ್ಲ. ಆಮೇಲೆ ಟ್ರ್ಯಾಕ್ಟರ್ ಬೆಲ್ಟಿನಿಂದ ತಿರುಗುವ ಒಕ್ಕಣೆ ಯಂತ್ರ ಕಣಕ್ಕಿಳಿಯಿತು. ಸುಗ್ಗಿಯಲ್ಲಿ ರಾತ್ರಿಯೆಲ್ಲ ಕೆಲಸ, ಮಂದ ಬೆಳಕು, ನಿದ್ದೆಗಣ್ಣು, ಸಡಿಲ ತೋಳಿನ ಅಂಗಿ ಅಥವಾ ಸೀರೆಯ ಸೆರಗು. ಅಪಘಾತಕ್ಕೆ ಇದಕ್ಕಿಂತ ಹೆಚ್ಚೇನು ಬೇಕು?

ಇಲ್ಲಿ ಪೇಟೆಗೂ ಹಳ್ಳಿಗೂ ಇದ್ದ ಅಂತರವನ್ನು ನೋಡಬೇಕು. ದಾವಣಗೆರೆಯ ಗಿರಣಿಯಲ್ಲಿ ಕಾರ್ಮಿಕನ ಹೆಬ್ಬೆರಳು ಹೋದರೆ ಅದಕ್ಕೊಂದು ಬೆಲೆಪಟ್ಟಿ ಇತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆ ಸ್ವಾತಂತ್ರ್ಯಾನಂತರ ಈ ಸೀಮೆಗೂ ಅನ್ವಯಿಸಿತು. ಅದರ ಅನುಸೂಚಿಯ ಪ್ರಕಾರ ಹೆಬ್ಬೆರಳು ಹೋದರೆ ಗಳಿಸುವ ಶಕ್ತಿಯಲ್ಲಿ ಶೇ 30 ನಷ್ಟ, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50. ಓದುವಾಗ ಮೈ ಜುಮ್ಮೆನ್ನುವ ಪಟ್ಟಿ, ಆದರೆ ಆ ಪಟ್ಟಿ ಇದ್ದದ್ದರಿಂದಲೇ ಗಿರಣಿಯವನ ಕೈಗೆ ನಾಲ್ಕು ಕಾಸು ಬರುತ್ತಿತ್ತು. ಹೊಲದ ಕೆಲಸವನ್ನು ಆ ಕಾಯ್ದೆ ಸೇರಿಸಿಕೊಂಡದ್ದು ಅರೆಮನಸ್ಸಿನಿಂದ: ಟ್ರ್ಯಾಕ್ಟರ್ ಅಥವಾ ಯಂತ್ರಬಲದಿಂದ ನಡೆಯುವ ಬೇಸಾಯದ ಕೂಲಿಯಾಳಿಗೆ ಅದು ಸಲ್ಲುತ್ತಿತ್ತು, ಎತ್ತು ತಿವಿದು ಪಕ್ಕೆ ಮುರಿದವನಿಗೆ ಸಲ್ಲುತ್ತಿರಲಿಲ್ಲ. ಸ್ವಂತ ಹೊಲದಲ್ಲಿ ಸ್ವಂತ ಕೈ ಕಳೆದುಕೊಂಡ ಸಣ್ಣ ರೈತನಂತೂ ಯಾರ ಮೇಲೆ ದಾವೆ ಹೂಡಬೇಕು? ಅವನೇ ಧಣಿ, ಅವನೇ ಆಳು.

ಉತ್ತರದ ಗೋಧಿ ಸೀಮೆಯಲ್ಲಿ ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವರ ಕೂಗು ಸಂಸತ್ತಿಗೆ ಮುಟ್ಟಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಯಂತ್ರ ತಯಾರಿಸುವವರಿಗೆ ಪರವಾನಗಿ, ಕೈ ಒಳಗಿನ ಸಿಲಿಂಡರನ್ನು ಮುಟ್ಟದಂತೆ ಬಾಯಿಯ ರಚನೆ, ಗಾಯಗೊಂಡವರಿಗೆ ಪರಿಹಾರ. ಕಾಗದದ ಮೇಲೆ ಒಳ್ಳೆಯ ಕಾಯ್ದೆ. ಬಾಡಿಗೆಗೆ ಊರೂರು ಸುತ್ತುವ ಯಂತ್ರದ ಬಾಯನ್ನು ಬೇಗ ಕೆಲಸವಾಗಲೆಂದು ಕತ್ತರಿಸಿ ಗಿಡ್ಡ ಮಾಡಿದರೆ ತಡೆಯಲು ಕಣಕ್ಕೆ ಬರುವ ತನಿಖಾಧಿಕಾರಿ ಯಾರು? ಇನ್ನು ಮೇವು ಕತ್ತರಿಸುವ ಯಂತ್ರ. ದೆಹಲಿ ಐಐಟಿಯ ದಿನೇಶ್ ಮೋಹನ್ ಮತ್ತು ಸಂಗಡಿಗರು ಉತ್ತರ ಭಾರತದ ಹಳ್ಳಿಗಳಲ್ಲಿ ಕೃಷಿ ಗಾಯಗಳನ್ನು ಲೆಕ್ಕ ಹಾಕುತ್ತಾ ಹೋದಾಗ ಈ ಯಂತ್ರ ಮಕ್ಕಳ ಬೆರಳುಗಳನ್ನು ತೆಗೆಯುತ್ತಿರುವುದು ಕಂಡಿತು. ಅವರು ಸೂಚಿಸಿದ ಪರಿಹಾರದಲ್ಲಿ ದೊಡ್ಡ ವಿಜ್ಞಾನವೇನೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಚಕ್ರ ತಿರುಗದಂತೆ ಬೀಗ, ಉರುಳೆಯ ಮುಂದೆ ಒಂದು ತಡೆ. ಲಕ್ಷ್ಮಣರಾಯರು ಮೊದಲ ಯಂತ್ರ ಮಾಡಿದ ಸುಮಾರು ತೊಂಬತ್ತು ವರ್ಷಗಳ ಮೇಲೆ ಬಂದ ತಿದ್ದುಪಡಿ ಅದು.

ಕರ್ನಾಟಕದಲ್ಲಿ ಕೃಷಿ ಮಾರುಕಟ್ಟೆ ಮಂಡಳಿಯ ರೈತ ಸಂಜೀವಿನಿ ಅಪಘಾತ ವಿಮೆ ಗಿರಣಿಗೂ ಹೊಲಕ್ಕೂ ನಡುವಿನ ಈ ಕಂದಕವನ್ನು ಸ್ವಲ್ಪ ಮುಚ್ಚಿತು. ರೈತ, ಕೃಷಿ ಕೂಲಿಗಾರ, ಮಾರುಕಟ್ಟೆಯ ಹಮಾಲ ಮೂವರೂ ಅದರಲ್ಲಿ ಸೇರಿದ್ದು ವಿಶೇಷ. ದಾವಣಗೆರೆಯಂಥ ಮೆಕ್ಕೆಜೋಳದ ದೊಡ್ಡ ಮಾರುಕಟ್ಟೆಯಿರುವ ಊರಿನಲ್ಲಿ ಅದು ಸಣ್ಣ ಮಾತಲ್ಲ. ಆದರೆ ವಿಮೆಯ ಹಣ ಆಸ್ಪತ್ರೆಯ ಬಿಲ್ಲಿಗೆ, ಸಾಲಕ್ಕೆ ಹೋಗುತ್ತದೆ. ಮುಂದಿನ ಮುಂಗಾರಿಗೆ ಒಂದೇ ಕೈಯಲ್ಲಿ ಬೇಸಾಯ ಹೇಗೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಗೆ ರೈತರೇ ಕಂಡುಕೊಂಡ ಹಳೆಯ ಉತ್ತರ ಕೋರು. ನೆಲ ನನ್ನದು, ದುಡಿಮೆ ನಿನ್ನದು, ಬೆಳೆ ಅರ್ಧ. ತುಂಗಭದ್ರೆಯ ಆಚೆ ಲಾವಣಿ ಎನ್ನುತ್ತಾರೆ, ಅಲ್ಲಿ ವರ್ಷಕ್ಕೆ ಇಷ್ಟೆಂದು ಹಣ ಗೊತ್ತುಮಾಡುವುದು ಹೆಚ್ಚು. ವಿಧವೆ, ವಯಸ್ಸಾದವರು, ಕಾಲಿಲ್ಲದವರು ಹೊಲ ಮಾರದೆ ಉಳಿಸಿಕೊಂಡದ್ದು ಈ ದಾರಿಯಲ್ಲೇ. ಇಲ್ಲಿ ಕಾನೂನಿನ ಒಂದು ವಿಚಿತ್ರ ಕತೆಯಿದೆ. ಹರಿಹರದ ಸೇತುವೆ 1956ರವರೆಗೆ ಬರೀ ಎರಡು ದಡಗಳನ್ನಲ್ಲ, ಎರಡು ರಾಜ್ಯಗಳನ್ನು ಜೋಡಿಸುತ್ತಿತ್ತು. ಈಚೆ ಮೈಸೂರು, ಆಚೆ ರಾಣೇಬೆನ್ನೂರು ತಾಲ್ಲೂಕು ಮುಂಬಯಿ ಪ್ರಾಂತ್ಯ. ಮುಂಬಯಿಯ 1948ರ ಗೇಣಿ ಕಾಯ್ದೆ 'ಸ್ವಂತ ಸಾಗುವಳಿ' ಎಂದರೇನು ಎಂದು ವಿವರಿಸುವಾಗ ಒಂದು ಮಾತು ಸೇರಿಸಿತ್ತು: ವಿಧವೆ, ಅಪ್ರಾಪ್ತ ವಯಸ್ಕ, ದೈಹಿಕ ಅಥವಾ ಮಾನಸಿಕ ಊನವಿರುವವರು ಆಳುಗಳಿಂದಲೇ ಉಳುಮೆ ಮಾಡಿಸಿದರೂ ಅದು ಅವರ ಸ್ವಂತ ಸಾಗುವಳಿಯೇ. ಹೊಲದಲ್ಲಿ ತಾವೇ ನಿಂತು ನೋಡಬೇಕೆಂಬ ಷರತ್ತಿನಿಂದ ಅವರಿಗೆ ವಿನಾಯಿತಿ. ಹಾಸಿಗೆ ಹಿಡಿದ ರೈತನೂ ರೈತನೇ ಎಂದು ಒಂದು ಕಾಯ್ದೆ ಸ್ಪಷ್ಟವಾಗಿ ಬರೆದಿಟ್ಟದ್ದು ಈ ಸೀಮೆಯ ಮಟ್ಟಿಗೆ ದೊಡ್ಡ ಸಂಗತಿ.

ಏಕೀಕರಣದ ನಂತರದ 1961ರ ಭೂ ಸುಧಾರಣಾ ಕಾಯ್ದೆಗೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಕರ್ನಾಟಕದ ಹಳ್ಳಿಗಳನ್ನೇ ಅಲುಗಿಸಿತು. ಉಳುವವನೇ ಹೊಲದೊಡೆಯನಾದ. ಲಕ್ಷಾಂತರ ಗೇಣಿದಾರರಿಗೆ ಅದು ಬಿಡುಗಡೆ, ಅದರಲ್ಲಿ ಎರಡು ಮಾತಿಲ್ಲ. ಹೊಸದಾಗಿ ಗೇಣಿಗೆ ಕೊಡುವುದನ್ನು ಕಾಯ್ದೆ ಪೂರ್ತಿ ನಿಷೇಧಿಸಿತು, ವಿನಾಯಿತಿ ಉಳಿದದ್ದು ಮುಖ್ಯವಾಗಿ ಸೈನಿಕ ಮತ್ತು ನಾವಿಕರಿಗೆ. ಉತ್ತರ ಪ್ರದೇಶದಂಥ ರಾಜ್ಯ ಗೇಣಿ ನಿಷೇಧಿಸಿದಾಗಲೂ ಅಂಗವಿಕಲರು, ವಿಧವೆಯರಿಗೆ ಕಿಟಕಿಯೊಂದನ್ನು ತೆರೆದಿಟ್ಟಿತ್ತು. ಕರ್ನಾಟಕ ಅದನ್ನೂ ಮುಚ್ಚಿತು. ಕಾರಣ ಊಹಿಸಬಹುದು: ಕಿಟಕಿ ಬಿಟ್ಟರೆ ಜಮೀನ್ದಾರರ ಮನೆಗಳಲ್ಲಿ ರಾತ್ರೋರಾತ್ರಿ ಅಂಗವಿಕಲರು ಹುಟ್ಟಿಕೊಳ್ಳುತ್ತಿದ್ದರು. ಆದರೂ ಪೆಟ್ಟು ಬಿದ್ದದ್ದು ಎರಡು ಎಕರೆಯ ನಿಜವಾದ ಕುಂಟನಿಗೆ. ಕೋರು ನಿಲ್ಲಲಿಲ್ಲ, ಬಾಯಿಮಾತಿಗೆ ಇಳಿಯಿತು. ಒಬ್ಬನೇ ಹೆಚ್ಚು ವರ್ಷ ಉತ್ತರೆ ಹಕ್ಕು ಕೇಳಿಯಾನು ಎಂಬ ಹೆದರಿಕೆಯಿಂದ ವರ್ಷ ವರ್ಷವೂ ಆಳು ಬದಲಾಯಿಸುವುದು, ಕಾಗದ ಮಾಡದಿರುವುದು ರೂಢಿಯಾಯಿತು. ಹೊಲ ಕೋರಿಗೆ ಹಿಡಿದವನಿಗೆ ಬ್ಯಾಂಕಿನ ಸಾಲವಿಲ್ಲ, ಕೊಟ್ಟವನಿಗೆ ನೆಮ್ಮದಿಯಿಲ್ಲ. 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದೆಂದಿತು. ನಡೆಯಲಾಗದ ರೈತ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಗೆ ಹೊಲ ಮಾರುವುದು ಸುಲಭವಾಯಿತು, ಪಕ್ಕದ ಹೊಲದ ಬಸಣ್ಣನಿಗೆ ಕಾಗದ ಮಾಡಿ ಗೇಣಿಗೆ ಕೊಡುವುದು ಆಗಲಿಲ್ಲ.

ಕಾನೂನು ಕೈಬಿಟ್ಟ ಜಾಗದಲ್ಲಿ ಒಂದು ಕಾಲು ಬಂತು. 1968ರಲ್ಲಿ ಜೈಪುರದ ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಕೂಡಿ ಮಾಡಿದ ಜೈಪುರ ಕಾಲು ಹುಟ್ಟಿದ್ದೇ ರೈತನಿಗಾಗಿ ಎನ್ನಬಹುದು. ಆಗಿನ ವಿದೇಶಿ ಕೃತಕ ಕಾಲಿಗೆ ಬೂಟು ಬೇಕಿತ್ತು, ನೀರು ತಾಗಿದರೆ ಕೆಡುತ್ತಿತ್ತು, ಕುಕ್ಕರಗಾಲಲ್ಲಿ ಕೂರಲು ಬಿಡುತ್ತಿರಲಿಲ್ಲ. ಭತ್ತದ ಗದ್ದೆಯಲ್ಲಿ ಬೂಟಿಗೇನು ಕೆಲಸ? ಜೈಪುರ ಕಾಲನ್ನು ಸ್ಪಂಜು ರಬ್ಬರು, ಕಟ್ಟಿಗೆ ಸೇರಿಸಿ, ಮೇಲೆ ಪಾದದ ಬಣ್ಣದ ರಬ್ಬರು ಹೊದಿಸಿ ಬೇಯಿಸಿದರು. ಬರಿಗಾಲಲ್ಲಿ ನಡೆಯಬಹುದು, ಕೆಸರಿಗಿಳಿಯಬಹುದು, ಪಾದ ನೆಲದ ಏರಿಳಿತಕ್ಕೆ ತಕ್ಕಂತೆ ಹೊರಳುತ್ತದೆ. 1975ರಲ್ಲಿ ಶುರುವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಂಚತೊಡಗಿದ ಮೇಲೆ ಕರ್ನಾಟಕದ ಊರುಗಳಲ್ಲೂ ಕಾಲು ಜೋಡಣೆಯ ಶಿಬಿರಗಳು ಸಾಮಾನ್ಯವಾದವು. ಮೊಣಕಾಲಿನ ಕೆಳಗೆ ಕಾಲು ಹೋದವನು ಅದನ್ನು ಕಟ್ಟಿಕೊಂಡು ಬದುವಿನ ಮೇಲೆ ನಡೆದು ನೀರು ತಿರುಗಿಸಬಲ್ಲ. ಮೊಣಕಾಲಿನ ಮೇಲಕ್ಕೆ ಕಾಲು ಹೋಗಿದ್ದರೆ ಕೆಸರುಗದ್ದೆ ಆಗಲೂ ಕಷ್ಟವೇ.

ಈ ರಬ್ಬರ್ ಕಾಲನ್ನು ಇಷ್ಟು ಹೊಗಳಲು ಕಾರಣವಿದೆ. ಅಂಗವಿಕಲರಿಗೆಂದು ಬಂದ ಉಳಿದ ಸಹಾಯದ ಬಹುಪಾಲು ಅವರನ್ನು ಹೊಲದಿಂದ ಆಚೆ ಕರೆದೊಯ್ದಿತು. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಕುರುಡ ಮತ್ತು ಕಿವುಡ ಮಕ್ಕಳ ಶಾಲೆ ತೆರೆದದ್ದು ನಿಜಕ್ಕೂ ದೊಡ್ಡ ಹೆಜ್ಜೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ಇಬ್ಬರೂ ಸ್ವತಃ ಕಣ್ಣಿಲ್ಲದವರು, ಬೇಸಾಯದ ಮನೆಗಳ ಎಷ್ಟೋ ಅಂಧ ಮಕ್ಕಳಿಗೆ ಅನ್ನ ಮತ್ತು ಸಂಗೀತ ಎರಡನ್ನೂ ಕೊಟ್ಟರು. ಹಳ್ಳಿಯ ತಂದೆತಾಯಿಗೆ ಅದು ದೇವರು ತೋರಿದ ದಾರಿ. ಸರ್ಕಾರದ ಯೋಜನೆಗಳು ಬಂದಾಗ ಅವೂ ಅದೇ ದಿಕ್ಕು ಹಿಡಿದವು: ಎಸ್‌ಟಿಡಿ ಬೂತು, ಹೊಲಿಗೆ ಯಂತ್ರ, ಗೂಡಂಗಡಿಗೆ ಸಾಲ ಕೊಡುವ 'ಆಧಾರ', ಪಕ್ಕಕ್ಕೆ ಎರಡು ಚಕ್ರ ಜೋಡಿಸಿದ ಸ್ಕೂಟರ್. ಕಾಲಿಲ್ಲದವನು ಪೇಟೆಯ ಮೂಲೆಯಲ್ಲಿ ಕೂತು ವ್ಯಾಪಾರ ಮಾಡಲಿ ಎಂಬ ಚಿತ್ರ ಅಧಿಕಾರಿಗಳ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮೂರು ಎಕರೆ ಇರುವವನು ಗೂಡಂಗಡಿಗೆ ಯಾಕೆ ಹೋಗಬೇಕು ಎಂದು ಕೇಳಿದವರು ವಿರಳ. ಮೊಬೈಲು ಬಂದು ಎಸ್‌ಟಿಡಿ ಬೂತುಗಳು ಮುಚ್ಚಿದಾಗ ಅವುಗಳನ್ನು ನಂಬಿದ್ದವರು ಮತ್ತೆ ಬರಿಗೈಯಲ್ಲಿ ನಿಂತರು. ಹೊಲ ಇಟ್ಟುಕೊಂಡಿದ್ದವರಿಗೆ ಮರಳಲು ಜಾಗವಾದರೂ ಇತ್ತು.

ಅಮೆರಿಕದಲ್ಲಿ ಈ ಪ್ರಶ್ನೆಗೆ ಬೇರೆ ಬಾಗಿಲು ತೆರೆಯಿತು. 1979ರಲ್ಲಿ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯದ ಕೃಷಿ ಎಂಜಿನಿಯರುಗಳು ಬೆನ್ನುಹುರಿಗೆ ಪೆಟ್ಟಾದ ರೈತರು ಮತ್ತೆ ಟ್ರ್ಯಾಕ್ಟರ್ ಏರುವುದು ಹೇಗೆ ಎಂಬ ಕೆಲಸಕ್ಕೆ ಕೈಹಾಕಿದರು. 1990ರ ಕೃಷಿ ಮಸೂದೆ ಅದನ್ನು 'ಅಗ್ರ್‌ಎಬಿಲಿಟಿ' ಎಂಬ ಹೆಸರಿನಲ್ಲಿ ದೇಶದ ಕಾರ್ಯಕ್ರಮವನ್ನಾಗಿ ಮಾಡಿತು. ಅಲ್ಲಿ ಕೃಷಿ ವಿಸ್ತರಣಾ ಸಿಬ್ಬಂದಿ ರೈತನ ಕೊಟ್ಟಿಗೆಗೆ ಬಂದು, ಅವನ ದೇಹಕ್ಕೆ ತಕ್ಕಂತೆ ಯಂತ್ರ, ಮೆಟ್ಟಿಲು, ಗೇಟು ಬದಲಾಯಿಸಲು ನೆರವಾಗುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಹುಟ್ಟಿದ್ದು ಅಮೆರಿಕದ ಅಂಥದೇ ವಿಶ್ವವಿದ್ಯಾಲಯಗಳ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನಿಂದ. ಬೀಜ, ಗೊಬ್ಬರ, ವಿಸ್ತರಣೆ ಎಲ್ಲವೂ ಸಮುದ್ರ ದಾಟಿ ಬಂದವು. ಈ ಒಂದು ಕೊಂಬೆ ಬರಲಿಲ್ಲ. ನಮ್ಮಲ್ಲಿ ಕೃಷಿ ಇಲಾಖೆಗೆ ಅಂಗವಿಕಲ ಕಾಣುವುದಿಲ್ಲ, ಅಂಗವಿಕಲರ ಇಲಾಖೆಗೆ ಹೊಲ ಕಾಣುವುದಿಲ್ಲ.

ಕೊಂಬೆಯ ಚಿಗುರಿನಂಥದ್ದು ಬೆಂಗಳೂರಿನಲ್ಲಿ ಸಿಗುತ್ತದೆ. ಸ್ವತಃ ಅಂಗವಿಕಲರಾಗಿದ್ದ ಎನ್.ಎಸ್. ಹೇಮಾ 1959ರಲ್ಲಿ ಕಟ್ಟಿದ ಅಂಗವಿಕಲರ ಸಂಸ್ಥೆ, ಜನರ ಬಾಯಲ್ಲಿ ಎಪಿಡಿ, ಜೀವನ್‌ಬಿಮಾ ನಗರದಲ್ಲಿ ತೋಟಗಾರಿಕೆ ತರಬೇತಿ ಶುರುಮಾಡಿತು. ಸಸಿ ಮಡಿ, ಕುಂಡ, ಗೊಬ್ಬರ, ಕಸಿ. ಹಳ್ಳಿಗಳಿಂದ ಬಂದ ಯುವಕ ಯುವತಿಯರು ಕಲಿತು ನರ್ಸರಿಗಳಲ್ಲಿ, ಉದ್ಯಾನಗಳಲ್ಲಿ ಕೆಲಸ ಹಿಡಿದರು. ಅಂಗವಿಕಲನಿಗೆ ಮಣ್ಣಿನ ಕೆಲಸ ಆಗದು ಎಂಬ ಮಾತನ್ನು ಈ ತೋಟ ಸುಳ್ಳು ಮಾಡಿತು.

ಅದೇ ಎಪಿಡಿ ದಾವಣಗೆರೆ ಜಿಲ್ಲೆಗೆ ಬಂದದ್ದು ಜಗಳೂರಿನ ಮೂಲಕ, ಮತ್ತು ಅಲ್ಲಿ ನಡೆದದ್ದು ಈ ಇಡೀ ಇತಿಹಾಸದಲ್ಲಿ ಹೆಚ್ಚು ಗಮನಕ್ಕೆ ಅರ್ಹ. 1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರೆಯಾಗಿ ದಾವಣಗೆರೆ ಜಿಲ್ಲೆಯಾದಾಗ ಹರಿಹರದಂಥ ನೀರಾವರಿ ತಾಲ್ಲೂಕಿನ ಜೊತೆ ಜಗಳೂರಿನಂಥ ಬರದ ತಾಲ್ಲೂಕೂ ಸೇರಿತು. ಬೆಂಗಳೂರಿನ ನಿಮ್ಹಾನ್ಸ್, ಎಪಿಡಿ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಮೂರೂ ಕೂಡಿ ಅಲ್ಲಿ ಸ್ಕಿಜೋಫ್ರೇನಿಯಾದಂಥ ತೀವ್ರ ಮಾನಸಿಕ ಕಾಯಿಲೆ ಇರುವವರನ್ನು ಹುಡುಕಿ, ತಾಲ್ಲೂಕಿನಲ್ಲೇ ಮದ್ದು ಕೊಟ್ಟು, ಊರಮಟ್ಟದ ಕಾರ್ಯಕರ್ತರನ್ನು ಮನೆಗಳಿಗೆ ಕಳಿಸಿದವು. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ ನಿಮ್ಹಾನ್ಸ್ ಇಂಥ ಕೆಲಸವನ್ನು ಅದಕ್ಕೂ ಮೊದಲೇ ಶುರುಮಾಡಿತ್ತು.

ಹೊಲದ ದೃಷ್ಟಿಯಿಂದ ಇದು ಮುಖ್ಯವಾಗುವುದು ಹೀಗೆ. ಮಾನಸಿಕ ಕಾಯಿಲೆಯಿಂದಾಗುವ ಊನದ ಪ್ರಮಾಣ ಅಳೆಯಲು ದೇಶದಲ್ಲಿ ಬಳಸುವ 'ಐಡಿಯಾಸ್' ಎಂಬ ಅಳತೆ ನಾಲ್ಕು ಸಂಗತಿ ಕೇಳುತ್ತದೆ: ತನ್ನನ್ನು ತಾನು ನೋಡಿಕೊಳ್ಳುತ್ತಾನೆಯೇ, ಜನರೊಡನೆ ಬೆರೆಯುತ್ತಾನೆಯೇ, ಮಾತು ತಿಳಿಯುತ್ತದೆಯೇ, ಕೆಲಸ ಮಾಡುತ್ತಾನೆಯೇ. ಜಗಳೂರಿನ ಮನೆಯಲ್ಲಿ ಕೊನೆಯ ಪ್ರಶ್ನೆಗೆ ಉತ್ತರ ಕಚೇರಿಯ ಹಾಜರಿ ಪುಸ್ತಕದಲ್ಲಿರುವುದಿಲ್ಲ. ಕುರಿ ಹೊಡೆದುಕೊಂಡು ಹೋಗಿ ಎಣಿಕೆ ತಪ್ಪದೆ ಸಂಜೆ ಮರಳಿದನೇ, ಎಮ್ಮೆಗೆ ನೀರು ಕುಡಿಸಿದಳೇ, ಮೆಕ್ಕೆಜೋಳದ ಎಡೆಕುಂಟೆಗೆ ಅಣ್ಣನ ಜೊತೆ ಹೋದನೇ? ಬೇಸಾಯದ ಮನೆ ಇಂಥವರಿಗೆ ಕೊಡುವ ಅನುಕೂಲ ಪೇಟೆಯ ಕಾರ್ಖಾನೆ ಕೊಡಲಾರದು. ಇವತ್ತು ಅರ್ಧ ದಿನ ಮಾಡಿದರೆ ನಾಳೆ ಮುಕ್ಕಾಲು ದಿನ ಮಾಡಬಹುದು, ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಮಾತ್ರೆ ಮತ್ತು ಎಮ್ಮೆ ಎರಡನ್ನೂ ಒಂದೇ ಚಿಕಿತ್ಸೆಯ ಭಾಗವಾಗಿ ನೋಡಬಲ್ಲ ವೈದ್ಯರು ಸಿಕ್ಕಿದ್ದು ಜಗಳೂರಿನ ಭಾಗ್ಯ.

ಇಲ್ಲಿ ಒಂದು ಸಿಕ್ಕು ಇದೆ. ಮಾಸಾಶನಕ್ಕೆ ಕನಿಷ್ಠ ಶೇ 40ರಷ್ಟು ಊನವಿರಬೇಕು. ಚೇತರಿಸಿಕೊಂಡು ಪೂರ್ತಿ ಹೊಲಕ್ಕೆ ಇಳಿದವನ ಅಂಕ ಆ ಗೆರೆಯಿಂದ ಕೆಳಗೆ ಜಾರಬಹುದು. ಒಂದೆರಡು ಬೆರಳು ಹೋದ ರೈತನಿಗಂತೂ ಆ ಗೆರೆ ಮುಟ್ಟುವುದೇ ಕಷ್ಟ. ಕುಡುಗೋಲು ಹಿಡಿಯಲು ಅವನ ಕೈ ಎಷ್ಟು ಕೆಟ್ಟಿದೆ ಎಂದು ಪ್ರಮಾಣಪತ್ರದ ಲೆಕ್ಕ ಕೇಳುವುದಿಲ್ಲ.

2007-08ರಲ್ಲಿ ಕರ್ನಾಟಕ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ನೇಮಿಸತೊಡಗಿದ್ದು ಜಾಣ ಕೆಲಸ. ಗ್ರಾಮ ಪಂಚಾಯಿತಿಗೊಬ್ಬರು, ಅವರೂ ಅಂಗವಿಕಲರೇ. ಗೌರವಧನ ಮಾತ್ರ ಕಡಿಮೆ, ಅದನ್ನು ಹೆಚ್ಚಿಸಿ ಎಂಬ ಬೇಡಿಕೆ ಹಳೆಯದು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ತಹಶೀಲ್ದಾರ್ ಕಚೇರಿಗಿಂತ ಇವರಿಗೆ ಚೆನ್ನಾಗಿ ಗೊತ್ತು. ಉದ್ಯೋಗ ಖಾತ್ರಿಯಲ್ಲಿ ಅಂಗವಿಕಲರು ನಿಗದಿತ ಕೆಲಸದ ಅರ್ಧ ಮಾಡಿದರೂ ಪೂರ್ಣ ಕೂಲಿ ಎಂಬ ರಿಯಾಯಿತಿಯೂ ಬಂತು. ಕೆರೆ ಹೂಳು ಎತ್ತುವ ಜಾಗದಲ್ಲಿ ನೀರು ಕೊಡುವ, ಮಕ್ಕಳನ್ನು ನೋಡಿಕೊಳ್ಳುವ, ಹಾಜರಿ ಹಿಡಿಯುವ ಕೆಲಸ ಅವರಿಗೆ ಸಿಗತೊಡಗಿತು. ಹಳೆಯ ಕಣದ ಸುತ್ತ ಕೂತು ಮಾಡುತ್ತಿದ್ದ ಕೆಲಸಗಳು ಹೀಗೆ ಮಸ್ಟರ್ ರೋಲಿಗೆ ಸೇರಿಕೊಂಡವು. 2017ರಲ್ಲಿ ದಾವಣಗೆರೆಗೆ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಅಂಗವಿಕಲರ ತರಬೇತಿ ಮತ್ತು ಪುನರ್ವಸತಿಯ ಪ್ರಾದೇಶಿಕ ಕೇಂದ್ರ, ಬಂದ ಮೇಲೆ ಸಲಕರಣೆ, ಚಿಕಿತ್ಸೆಗಾಗಿ ದೂರದ ಊರಿಗೆ ಅಲೆಯುವುದು ಕಡಿಮೆಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಜಾರಿಗೆ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 37ನೇ ಕಲಂ ಕೃಷಿ ಭೂಮಿ ಹಂಚಿಕೆಯಲ್ಲಿ ಶೇ 5 ಮೀಸಲು ಎನ್ನುತ್ತದೆ, ಅದರಲ್ಲೂ ಹೆಣ್ಣುಮಕ್ಕಳಿಗೆ ಆದ್ಯತೆ. ನಾಲೆಯ ಬದಿಯ ಎಕರೆಗೆ ಲಕ್ಷಗಳ ಬೆಲೆಯಿರುವ ಸೀಮೆಯಲ್ಲಿ ಸರ್ಕಾರ ಹಂಚುವ ಭೂಮಿ ಎಲ್ಲಿದೆ ಎಂದು ಮಾತ್ರ ಕೇಳಬಾರದು.

ಯಂತ್ರಗಳ ಕತೆಯೂ ಒಂದು ಸುತ್ತು ಬಂದಿದೆ. ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು, ದಾವಣಗೆರೆಯ ಹತ್ತಿ ಗಿರಣಿಗಳು ಅದಕ್ಕೂ ಮೊದಲೇ ಒಂದೊಂದಾಗಿ ನಿಂತಿದ್ದವು. ಗದ್ದೆಗೆ ಕಟಾವು ಮಷಿನ್ ಬಂದು ಕೊಯ್ಲು, ಒಕ್ಕಣೆ ಎರಡನ್ನೂ ಒಂದೇ ಸಲಕ್ಕೆ ಮುಗಿಸುತ್ತದೆ. ಅದರಿಂದ ಕೈ ಹೋಗುವ ಅಪಘಾತ ತಗ್ಗಿತು, ಜೊತೆಗೆ ಕಣವೇ ಮಾಯವಾಯಿತು. ಮೆಕ್ಕೆಜೋಳದ ಕಾಳು ಬಿಡಿಸುವ ಯಂತ್ರ ಕೂತು ಮಾಡುವವರ ಕೆಲಸ ತಿಂದಿತು. ಕೈ ಕತ್ತರಿಸಿದ ಯಂತ್ರದ ಮೇಲೆ ಕಾಯ್ದೆಯಾದರೂ ಬಂತು, ಕೆಲಸ ಕತ್ತರಿಸಿದ ಯಂತ್ರವನ್ನು ಯಾರೂ ಅಪಾಯಕಾರಿ ಎನ್ನಲಿಲ್ಲ.

ಕೆಲವು ಹೊಸ ಸಾಧನಗಳು ಮಾತ್ರ ಬಯಸದೇ ಉಪಕಾರ ಮಾಡಿವೆ. ಪುಣೆಯ ಸಂತೋಷ್ ಓಸ್ತವಾಲ್ ಮೊಬೈಲಿನಿಂದ ಪಂಪ್‌ಸೆಟ್ ನಡೆಸುವ ಸಾಧನ ಮಾಡಿದ್ದರ ಹಿಂದೆ, ವಯಸ್ಸಾದ ಅಜ್ಜ ಪಂಪು ಚಾಲೂ ಮಾಡಲು ಹೊಲಕ್ಕೆ ನಡೆಯುತ್ತಿದ್ದ ಕಷ್ಟವಿತ್ತು. ರಾತ್ರಿ ಮೂರು ಫೇಸ್ ಕರೆಂಟ್ ಬರುವ ಹಳ್ಳಿಯಲ್ಲಿ ಊರುಗೋಲಿನ ರೈತನಿಗೆ ಮೊಬೈಲ್ ಸ್ಟಾರ್ಟರ್ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ದಕ್ಷಿಣ ಕನ್ನಡದ ಸಜಿಪಮೂಡದ ಗಣಪತಿ ಭಟ್ಟರು 2019ರಲ್ಲಿ ಸುದ್ದಿಯಾದದ್ದು ಅಡಿಕೆ ಮರ ಏರುವ ಬೈಕಿನಿಂದ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ತೋಟಗಳಲ್ಲೂ ಕೊನೆ ತೆಗೆಯುವವರು ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳುವ ಹೆದರಿಕೆ ಇದ್ದದ್ದೇ. ನೆಲದ ಮೇಲೆ ನಿಂತೇ ಕೊನೆ ಇಳಿಸುವ ಫೈಬರ್ ದೋಟಿ ಆ ಹೆದರಿಕೆಯನ್ನು ತಗ್ಗಿಸುತ್ತಿದೆ.

2014-15ರಲ್ಲಿ ಹೋಬಳಿಗಳಲ್ಲಿ ಶುರುವಾದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳೂ ಈ ಸಾಲಿಗೆ ಸೇರುತ್ತವೆ. ಟ್ರ್ಯಾಕ್ಟರಿನ ಜೊತೆ ಚಾಲಕನೂ ಬರುತ್ತಾನೆ, ಕಾಲಿಲ್ಲದ ರೈತ ಬದುವಿನ ಮೇಲೆ ನಿಂತು ಹೀಗೆ ಹೊಡಿ, ಹಾಗೆ ತಿರುಗಿಸು ಎಂದು ಹೇಳಿದರೆ ಸಾಕು. ಕಾಯ್ದೆಯ ಕಣ್ಣಲ್ಲೂ ಇದಕ್ಕೆ ತೊಡಕಿಲ್ಲ. ಹಣ ಕೊಟ್ಟು ಮಾಡಿಸಿದ್ದು ಸ್ವಂತ ಸಾಗುವಳಿ, ಬೆಳೆಯಲ್ಲಿ ಪಾಲು ಕೊಟ್ಟರೆ ಮಾತ್ರ ಗೇಣಿ. ಆದರೆ ಕೋರಿನಲ್ಲಿ ಇದ್ದ ಒಂದು ಗುಣ ಬಾಡಿಗೆಯಲ್ಲಿಲ್ಲ. ಕೋರಿನವನು ಬೆಳೆಯ ಜೊತೆ ನಷ್ಟವನ್ನೂ ಹಂಚಿಕೊಳ್ಳುತ್ತಿದ್ದ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ದೇಶಕ್ಕೇ ಮೊದಲು ಕಂಡ ಫಾಲ್ ಸೈನಿಕ ಹುಳು ಅದೇ ಮುಂಗಾರಿನಲ್ಲಿ ದಾವಣಗೆರೆಯ ಮೆಕ್ಕೆಜೋಳದ ಸುಳಿಗೆ ಇಳಿದಾಗ, ಉಳುಮೆಗೂ ಬಿತ್ತನೆಗೂ ಗಂಟೆ ಲೆಕ್ಕದಲ್ಲಿ ಬಾಡಿಗೆ ಕೊಟ್ಟಿದ್ದವನು ಔಷಧಿ ಹೊಡೆಸುವ ಕೂಲಿಯನ್ನೂ ತನ್ನ ಜೇಬಿನಿಂದಲೇ ತೆಗೆಯಬೇಕಾಯಿತು.